ಮನವಿಗೆ ಸಹಿ ಹಾಕುವ ಮೊದಲು

ಉತ್ತರಾಖಂಡದಂತೆ ಕರ್ನಾಟಕಕ್ಕೂ ಏಕರೂಪ ನಾಗರಿಕ ಸಂಹಿತೆ, ಅಂದರೆ ಮದುವೆ, ಆಸ್ತಿ ಹಕ್ಕಿಗೆ ಎಲ್ಲ ಧರ್ಮದವರಿಗೂ ಒಂದೇ ಕಾನೂನು ಬೇಕು, ಕುಟುಂಬ ಉಳಿಸಲು ಭಜನಾ ಮಂದಿರಗಳಿಂದಲೇ ಶಾಸಕರಿಗೆ ಮನವಿ ಹೋಗಬೇಕು ಎಂದು ಲೇಖಕರೊಬ್ಬರು ಬರೆದಿದ್ದಾರೆ. ಹೋಗಲಿ. ಮದುವೆ, ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಕೇಂದ್ರದಂತೆ ರಾಜ್ಯವೂ ಕಾನೂನು ಮಾಡಬಹುದು. ದೇವರನ್ನು ನಂಬುವವರಿಗೂ ಕೇಳುವ ಹಕ್ಕಿದೆ. ನಾನೂ ಶನಿವಾರದ ಭಜನೆ ತಪ್ಪಿಸದವಳು.

ಆದರೆ ನಮ್ಮ ಉಡುಪಿ ಕಡೆ ಸಂಪ್ರದಾಯದ ಕುಟುಂಬ ಅಂದರೆ ಯಾವುದು ಮಾರಾಯ್ರೆ? ಬಂಟರು, ಬಿಲ್ಲವರು, ಮೊಗವೀರರು ಅಳಿಯಕಟ್ಟಿನವರು. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆ ಲೆಕ್ಕ ಬದಲಾಯಿತು. ಇವತ್ತಿಗೂ ಕುಟುಂಬದ ಮನೆಯಲ್ಲಿ ದೈವಕ್ಕೆ ಕೋಲ ಕೊಡುವಾಗ ಸೋದರಮಾವ ಮುಂದೆ ನಿಂತು ಕೈಮುಗಿಯುತ್ತಾರೆ, ಹೆಣ್ಣುಮಕ್ಕಳ ಮಕ್ಕಳೆಲ್ಲ ಹಿಂದೆ ನಿಲ್ಲುತ್ತಾರೆ. ಇದನ್ನು ಯಾವ ಸಂಹಿತೆಯೂ ಕಲಿಸಿದ್ದಲ್ಲ.

ಉತ್ತರಾಖಂಡದ ಕಾನೂನಿನಲ್ಲಿ ಮದುವೆಯಾಗದೆ ಒಟ್ಟಿಗೆ ಇರುವವರು ತಿಂಗಳೊಳಗೆ ನೋಂದಾಯಿಸದಿದ್ದರೆ ಮೂರು ತಿಂಗಳವರೆಗೆ ಜೈಲಾಗಬಹುದು. 21 ತುಂಬದವರಾದರೆ ತಂದೆತಾಯಿಗೆ ತಿಳಿಸುತ್ತಾರೆ. ಮಗಳ ಸುದ್ದಿ ನನಗೆ ರಿಜಿಸ್ಟ್ರಾರ್ ಆಫೀಸಿನಿಂದ ಬರಬೇಕಾ? ಅವಳು ನನ್ನ ಹತ್ತಿರ ಹೇಳಲು ಹೆದರದಂತೆ ಬೆಳೆಸುವುದು ನನ್ನ ಕೆಲಸ, ಸರಕಾರದ್ದಲ್ಲ.

ಪರಿಶಿಷ್ಟ ಪಂಗಡಗಳಿಗೆ ಅಲ್ಲಿ ವಿನಾಯಿತಿ ಇದೆ. ಇಲ್ಲಿ ಹಾಗೇ ತಂದರೆ ನಮ್ಮ ಕಡೆಯ ಪರಿಶಿಷ್ಟ ಪಂಗಡದವರಾದ ಕೊರಗರು ಹೊರಗೆ ಉಳಿಯುತ್ತಾರೆ, ಆಗ ಏಕರೂಪ ಎಲ್ಲಿ ಬಂತು?

ಪ್ರಸಾದದ ಮೇಜಿನ ಪಕ್ಕ ಖಾಲಿ ಹಾಳೆ ಇಟ್ಟರೆ ಪಂಚಕಜ್ಜಾಯ ತೆಗೆದುಕೊಳ್ಳುತ್ತಲೇ ಹೆಂಗಸರು ಸಹಿ ಹಾಕಿಬಿಡುತ್ತಾರೆ. ಮನವಿ ಕೊಡುವುದೇ ಆದರೆ ಕಾನೂನಿನ ಒಂದೊಂದು ಕಲಮನ್ನೂ ಮೊದಲು ಕನ್ನಡದಲ್ಲಿ, ತುಳುವಿನಲ್ಲಿ ಓದಿ ಹೇಳಿ.