ಸತ್ಯಾಂಶ: ಕಪ್ಪು ಬಿಯರ್‌ನಲ್ಲಿ ಆಲ್ಕೋಹಾಲ್ ಹೆಚ್ಚೇ?

‘ಬಿಯರ್ ಕಪ್ಪಗಿದ್ದಷ್ಟೂ ಆಲ್ಕೋಹಾಲ್ ಜಾಸ್ತಿ, ಹೊಂಬಣ್ಣದ್ದಾದರೆ ಹಗುರ’ ಎಂಬ ಸಂದೇಶ ಫಾರ್ವರ್ಡ್ ಆಗುತ್ತಲೇ ಇದೆ. ಇದು ತಪ್ಪು. ಡಬ್ಲಿನ್‌ನ ಗಿನ್ನೆಸ್ ಡ್ರಾಫ್ಟ್ ಕಪ್ಪಗಿದ್ದರೂ ಆಲ್ಕೋಹಾಲ್ ಶೇ 4.2 ಮಾತ್ರ, ಬೆಲ್ಜಿಯಂನ ಹೊಂಬಣ್ಣದ ಡುವೆಲ್‌ನಲ್ಲಿ ಶೇ 8.5.

ಕಪ್ಪು ಬಣ್ಣ ಬರುವುದು ಹುರಿದ ಬಾರ್ಲಿಯಿಂದ. 20 ಲೀಟರ್ ಸ್ಟೌಟ್‌ಗೆ (ಕಪ್ಪು ಬಿಯರ್‌ನ ಒಂದು ಬಗೆ) ಸುಮಾರು 3.5 ಕೆ.ಜಿ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ 350 ಗ್ರಾಂ ಕಪ್ಪಗೆ ಹುರಿದ ಬಾರ್ಲಿ ಸಾಕು. ಅತಿಯಾದರೆ ಸುಟ್ಟ ಕಹಿ, ಒಗರು ಬರುತ್ತದೆಯೇ ಹೊರತು ಅಮಲು ಏರುವುದಿಲ್ಲ.

ಆಲ್ಕೋಹಾಲ್ ನಿರ್ಧರಿಸುವುದು ಯೀಸ್ಟ್ ತಿನ್ನುವ ಸಕ್ಕರೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹುದುಗುವ ಮುನ್ನ 1.040, ಮುಗಿದ ಮೇಲೆ 1.010 ತೋರಿಸಿದರೆ ವ್ಯತ್ಯಾಸವನ್ನು 131ರಿಂದ ಗುಣಿಸಿ: ಸುಮಾರು ಶೇ 3.9. ಅದೇ ಟ್ರಿಪೆಲ್ ಎಂಬ ಬೆಲ್ಜಿಯಂ ಶೈಲಿಯ ಹೊಂಬಣ್ಣದ ಬಿಯರ್ 1.080ರಿಂದ 1.010ಕ್ಕೆ ಇಳಿದರೆ ಶೇ 9 ದಾಟುತ್ತದೆ. ಟ್ರಿಪೆಲ್‌ಗೆ ಬಿಳಿ ಸಕ್ಕರೆಯನ್ನೂ ಸೇರಿಸುತ್ತಾರೆ. ಅದಕ್ಕೆ ಬಣ್ಣವಿಲ್ಲದ್ದರಿಂದ ಬಿಯರ್ ಕಪ್ಪಾಗುವುದೂ ಇಲ್ಲ, ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುವುದರಿಂದ ದಪ್ಪವೆನಿಸುವುದೂ ಇಲ್ಲ. ನಾಲಿಗೆ ಮೋಸಹೋಗುವುದು ಇಲ್ಲೇ, ಇದನ್ನು ಹಗುರವೆಂದು ಬೇಗ ಬೇಗ ಕುಡಿಯುವುದು ನಿಜಕ್ಕೂ ಅಪಾಯ.

ಹಾಗಂತ ಕಪ್ಪು ಬಿಯರೆಲ್ಲ ಹಗುರವೂ ಅಲ್ಲ. ಇಂಪೀರಿಯಲ್ ಸ್ಟೌಟ್ ಸಾಮಾನ್ಯವಾಗಿ ಶೇ 8ರಿಂದ 12 ಇರುತ್ತದೆ. ಬಣ್ಣ ಬಿಡಿ, ಲೇಬಲ್ಲಿನ ಶೇಕಡಾವಾರು ಅಂಕಿ ನೋಡಿ.