ದನ ಏನು ತಿಂದಿತ್ತು ಅಂತ ಕೇಳಿ

ಶಿರಸಿ ಕಡೆ ಈಗ ಕೊಟ್ಟಿಗೆ ತುಂಬ ದನ ಇರುವ ಮನೆ ಕಡಿಮೆ. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಹಾಸಿ ಗೊಬ್ಬರ ಮಾಡುವವರೂ ಕಡಿಮೆ. ಹಾಗಾಗಿ ಬಯಲುಸೀಮೆಯಿಂದ ಸಗಣಿ ಗೊಬ್ಬರದ ಲೋಡ್ ತರಿಸುತ್ತೇವೆ. ರೇಟ್ ಎಷ್ಟು, ಒಣಗಿದೆಯಾ, ಇಷ್ಟು ಕೇಳಿ ಇಳಿಸಿಕೊಳ್ಳುತ್ತೇವೆ. ದನ ತಿಂದ ಹುಲ್ಲು ಯಾವ ಹೊಲದ್ದು, ಅದಕ್ಕೆ ಕಳೆ ಔಷಧಿ ಹೊಡೆದಿದ್ದರಾ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಎಲ್ಲ ಕಳೆನಾಶಕವೂ ಹುಲ್ಲಿನಿಂದ ಗೊಬ್ಬರದವರೆಗೆ ಉಳಿಯುವುದಿಲ್ಲ. ಆದರೆ ಅಮಿನೊಪೈರಾಲಿಡ್, ಕ್ಲೋಪೈರಾಲಿಡ್, ಪಿಕ್ಲೋರಾಮ್ ಅಂತ ಒಂದು ಗುಂಪಿದೆ. ಅಗಲ ಎಲೆಯ ಕಳೆಯನ್ನು ಮಾತ್ರ ಸಾಯಿಸುತ್ತವೆ, ಹುಲ್ಲಿಗೆ ಏನೂ ಆಗುವುದಿಲ್ಲ. ಆ ಹುಲ್ಲು ತಿಂದ ದನದ ಹೊಟ್ಟೆಯಲ್ಲೂ ಕರಗದೆ ಸಗಣಿಯಲ್ಲಿ ಹಾಗೇ ಹೊರಬರುತ್ತವೆ. ಗೊಬ್ಬರದ ಗುಂಡಿಯ ಬಿಸಿಗೂ ಬಗ್ಗುವುದಿಲ್ಲ. ನೂರು ಕೋಟಿ ಭಾಗದಲ್ಲಿ ಹತ್ತು ಭಾಗ ಇದ್ದರೂ ಟೊಮೇಟೊ, ಬೀನ್ಸ್ ಕೆಡಲು ಸಾಕು. 2008ರಲ್ಲಿ ಇಂಗ್ಲೆಂಡಿನ ಎಷ್ಟೋ ಜನರ ತರಕಾರಿ ತೋಟ ಹಾಳಾಗಿದ್ದು ಹೀಗೆ, ಅಮಿನೊಪೈರಾಲಿಡ್ ಇದ್ದ ಗೊಬ್ಬರದಿಂದ. ಆ ವರ್ಷ ಅಲ್ಲಿ ಅದರ ಮಾರಾಟವನ್ನೇ ನಿಲ್ಲಿಸಬೇಕಾಯಿತು.

ಗಿಡ ನೋಡಿದರೆ ಗೊತ್ತಾಗುತ್ತದೆ. ಕೆಳಗಿನ ಎಲೆ ಚೆನ್ನಾಗೇ ಇರುತ್ತದೆ. ತುದಿಯ ಚಿಗುರು ಮಾತ್ರ ಬಟ್ಟಲಿನ ಹಾಗೆ ಮಡಚಿಕೊಳ್ಳುತ್ತದೆ. ಟೊಮೇಟೊ ಎಲೆ ಅಗಲವಾಗುವುದೇ ಇಲ್ಲ, ಸಣ್ಣಗೆ ಸುರುಳಿ ಸುತ್ತುತ್ತದೆ, ನರಗಳು ಒತ್ತೊತ್ತಾಗಿ ಎದ್ದು ಕಾಣುತ್ತವೆ. ಕಾಂಡ ತಿರುಚುತ್ತದೆ. ನಮ್ಮವರು ತಕ್ಷಣ ಎಲೆಮುರುಟು ರೋಗ ಅಂದುಕೊಂಡು ಅದನ್ನು ಹರಡುವ ಬಿಳಿನೊಣಕ್ಕೆ ಔಷಧಿ ಹೊಡೆಯುತ್ತಾರೆ. ಸ್ವಲ್ಪ ನಿಂತು ಅಕ್ಕಪಕ್ಕ ನೋಡಿ. ಟೊಮೇಟೊ, ಅಲಸಂದೆ, ಬೀನ್ಸ್ ಎಲ್ಲ ಒಟ್ಟಿಗೇ ಮುರುಟಿ, ಅದೇ ಮಡಿಯ, ಹುಲ್ಲಿನ ಜಾತಿಯ ಜೋಳ ಮಾತ್ರ ಹಸಿರಾಗಿ ನಿಂತಿದ್ದರೆ ಗೊಬ್ಬರದ ಮೇಲೆ ಅನುಮಾನ ಪಡಲೇಬೇಕು.

ಇದನ್ನು ಮೊದಲೇ ಕಂಡುಹಿಡಿಯಲು ಲ್ಯಾಬ್ ಬೇಡ. ಲೋಡಿನ ನಾಲ್ಕೈದು ಕಡೆಯಿಂದ ಗೊಬ್ಬರ ತೆಗೆದು ಬೆರೆಸಿ. ಒಂದು ಪಾಲು ಗೊಬ್ಬರಕ್ಕೆ ಎರಡು ಪಾಲು ಒಳ್ಳೆಯ ಮಣ್ಣು ಸೇರಿಸಿ ಮೂರು ಕುಂಡ ತುಂಬಿ. ಇನ್ನು ಮೂರಕ್ಕೆ ಬರೀ ಮಣ್ಣು. ಎಲ್ಲದಕ್ಕೂ ಬೀನ್ಸ್ ಬೀಜ ಹಾಕಿ. ಒಂದು ಕುಂಡದ ನೀರು ಇನ್ನೊಂದಕ್ಕೆ ಇಳಿಯದ ಹಾಗೆ ಬೇರೆ ಬೇರೆ ಇಡಿ. ಮೂರು ವಾರದಲ್ಲಿ ಎಲೆಗಳೇ ಹೇಳುತ್ತವೆ. ಮಳೆಗಾಲದ ತರಕಾರಿಗೆ ಬೇಕಾದ ಗೊಬ್ಬರವನ್ನು ಏಪ್ರಿಲ್‌ನಲ್ಲೇ ತರಿಸಿದರೆ ಇಷ್ಟಕ್ಕೆ ಧಾರಾಳ ಸಮಯ ಸಿಗುತ್ತದೆ, ಅಲ್ವಾ?

ಈಗಾಗಲೇ ಮಡಿಗೆ ಹಾಕಿ ಆಗಿದ್ದರೆ ಎಲ್ಲ ಮುಗಿಯಿತು ಅಂತಲ್ಲ. ಈ ಕಳೆನಾಶಕಗಳನ್ನು ಕರಗಿಸುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಗಾಳಿ, ಬಿಸಿ, ತೇವ ಬೇಕು. ಮಣ್ಣನ್ನು ಆಗಾಗ ತಿರುವಿ ಹಾಕಿ, ಆ ವರ್ಷ ಅಲ್ಲಿ ಜೋಳ ಬೆಳೆಯಿರಿ. ಜೋಳದ ದಂಟನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ದನಕ್ಕೂ ಬೇಡ, ಮತ್ತೆ ಸುತ್ತಿ ಬರುತ್ತದೆ. ಉಳಿದ ರಾಶಿಯನ್ನು ಕಾಳುಮೆಣಸಿನ ಬುಡಕ್ಕಂತೂ ಹಾಕಲೇಬೇಡಿ. ಅದೂ ಅಗಲ ಎಲೆಯ ಬಳ್ಳಿಯೇ. ಮುಂದಿನ ವರ್ಷ ಆ ಮಡಿಯಲ್ಲಿ ಮತ್ತೆ ನಾಲ್ಕು ಬೀನ್ಸ್ ಬೀಜ ಹಾಕಿ ನೋಡಿ, ಆಮೇಲೆ ಟೊಮೇಟೊ ಸಸಿ ನೆಡಿ.

ಗೊಬ್ಬರ ಮಾರುವವರನ್ನು ಬೈದು ಪ್ರಯೋಜನ ಇಲ್ಲ. ಎಷ್ಟೋ ಸಲ ಅವರು ಸಗಣಿ ಒಂದು ಕಡೆ, ಹುಲ್ಲು ಇನ್ನೊಂದು ಕಡೆ ಕೊಂಡವರು. ಆದರೆ ಊರಿನ ಹತ್ತು ಮನೆಯವರು ಒಟ್ಟಿಗೆ ತರಿಸುವಾಗ ಒಂದು ಷರತ್ತು ಹಾಕಬಹುದು: ಮೊದಲು ಒಂದು ಚೀಲ ಕಳಿಸಿ, ಬೀನ್ಸ್ ಹುಟ್ಟಿಸಿ ನೋಡುತ್ತೇವೆ, ಸರಿ ಇದ್ದರೆ ಲಾರಿ ಬರಲಿ.