ಬರೀ “3000 ಸಿಪಿಎಸ್” ಅಂತ ಬರೆದು ಮಾಲು ವಾಪಸ್ ಕಳಿಸುವವರಿಗೆ

ಸಾಕಾಗಿ ಹೋಗಿದೆ ಈ ಗೋಳು. ರಿಪೋರ್ಟಲ್ಲಿ ಒಂದೇ ಸಾಲು: “ವಿಸ್ಕಾಸಿಟಿ 3000 ಸಿಪಿಎಸ್, ರಿಜೆಕ್ಟ್.” ವಿಸ್ಕಾಸಿಟಿ ಅಂದರೆ ದ್ರವ ಎಷ್ಟು ಮಂದ ಅನ್ನುವುದು, ಸಿಪಿಎಸ್ (ಸೆಂಟಿಪಾಯ್ಸ್) ಅದರ ಅಳತೆ. ಎಷ್ಟು ಡಿಗ್ರಿಯಲ್ಲಿ? ಯಾವ ಸ್ಪಿಂಡಲ್ (ದ್ರವದೊಳಗೆ ತಿರುಗುವ ಕಡ್ಡಿ)? ಎಷ್ಟು ಆರ್‌ಪಿಎಂ? ಕೇಳಿದರೆ “ಮಷಿನ್ ತೋರಿಸಿದ್ದೇ ಅಷ್ಟು ಸಾರ್” ಅಂತಾರೆ.

ಹರಳೆಣ್ಣೆಯನ್ನೇ ತಗೊಳ್ಳಿ. 20 ಡಿಗ್ರಿಯಲ್ಲಿ ಸುಮಾರು 980 ಸಿಪಿಎಸ್, 30ರಲ್ಲಿ 450. ಒಂದೊಂದು ಡಿಗ್ರಿಗೂ ಏಳೆಂಟು ಪರ್ಸೆಂಟ್ ಇಳಿಯುತ್ತೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಅಳೆದದ್ದನ್ನೇ ರಾಯಚೂರಿನ ಮೇ ಮಧ್ಯಾಹ್ನ ಅಳೆದರೆ ಅರ್ಧವೂ ಬರಲ್ಲ. ಎಣ್ಣೆಯಲ್ಲಿ ಕಲಬೆರಕೆ ಅಂತ ಕೂಗಾಡುವ ಮೊದಲು ಥರ್ಮಾಮೀಟರ್ ನೋಡಿ. ವಾಟರ್ ಬಾತ್ (ಬೀಕರ್ ಇಡುವ ನೀರಿನ ತೊಟ್ಟಿ) 25 ತೋರಿಸಿದ ಮಾತ್ರಕ್ಕೆ ಬೀಕರಿನ ನಡುವಿನ ಮಾಲೂ 25ಕ್ಕೆ ಬಂದಿರಲ್ಲ. ಸ್ಪಿಂಡಲ್ ಇಳಿಯುವ ಜಾಗದಲ್ಲೇ ಉಷ್ಣತೆ ಅಳೆಯಬೇಕು.

ನಿಜಕ್ಕೂ ಹೊಟ್ಟೆ ಉರಿಯುವುದು ಟಾರ್ಕ್ ವಿಷಯಕ್ಕೆ. ಬ್ರೂಕ್‌ಫೀಲ್ಡ್ ಅನ್ನುವ ವಿಸ್ಕಾಸಿಟಿ ಯಂತ್ರದ ಪರದೆಯ ಮೇಲೆ ಸಿಪಿಎಸ್ ಜೊತೆಗೇ ಟಾರ್ಕ್ ಪರ್ಸೆಂಟ್ (ಸ್ಪಿಂಡಲ್ ತಿರುಗಿಸಲು ಬೇಕಾದ ಬಲ ಯಂತ್ರದ ಗರಿಷ್ಠದಲ್ಲಿ ಎಷ್ಟು ಪಾಲು ಅಂತ) ಕೂಡ ಇರುತ್ತೆ, ಯಾರೂ ಅದರ ಕಡೆ ಕಣ್ಣೆತ್ತಲ್ಲ. ಯಂತ್ರದ ತಪ್ಪಿನ ಮಿತಿ ±1% ಅನ್ನುವುದು ಪೂರ್ಣ ಸ್ಕೇಲಿನ (ಆ ಸ್ಪಿಂಡಲ್, ಆ ವೇಗದಲ್ಲಿ ಅಳೆಯಬಹುದಾದ ಗರಿಷ್ಠದ) ಲೆಕ್ಕ, ನಿಮ್ಮ ರೀಡಿಂಗಿನದ್ದಲ್ಲ! ಆರ್‌ವಿ ಮಾಡೆಲ್, 3ನೇ ಸ್ಪಿಂಡಲ್, 10 ಆರ್‌ಪಿಎಂ: ಪೂರ್ಣ ಸ್ಕೇಲ್ 10,000. ಅದರಲ್ಲಿ 500 ಸಿಪಿಎಸ್ ಎಣ್ಣೆ ಅಳೆದರೆ ಟಾರ್ಕ್ ಬರೀ 5%. ಅದು 400ರಿಂದ 600ರೊಳಗೆ ಎಲ್ಲಾದರೂ ಇರಬಹುದು. ಅದೇ ಎಣ್ಣೆಗೆ 2ನೇ ಸ್ಪಿಂಡಲ್ ಹಾಕಿ 20 ಆರ್‌ಪಿಎಂ ಕೊಡಿ. ಪೂರ್ಣ ಸ್ಕೇಲ್ 2000, ಟಾರ್ಕ್ 25%, ತಪ್ಪು ±20ಕ್ಕೆ ಇಳಿಯುತ್ತೆ. ಟಾರ್ಕ್ 10%ಗಿಂತ ಕೆಳಗಿದ್ದರೆ ಆ ರೀಡಿಂಗ್ ಬರೆಯಲೇಬೇಡಿ.

ಎಮಲ್ಷನ್ ಪೇಂಟ್, ಅಂಟು, ಜೆಲ್ ಅಂದರೆ ಇನ್ನೂ ಕಷ್ಟ. ವೇಗ ಹೆಚ್ಚಿಸಿದಷ್ಟೂ ತೆಳ್ಳಗಾಗುವ ಮಾಲು ಇವು. 10 ಆರ್‌ಪಿಎಂನ ಅಂಕಿ, ವೇಗ 100ಕ್ಕೆ ಹೋದಾಗ ಕಾಲು ಭಾಗಕ್ಕೆ ಬಿದ್ದರೂ ಅಚ್ಚರಿಯಿಲ್ಲ. ಡಬ್ಬ ಚೆನ್ನಾಗಿ ಕುಲುಕಿ ಆ ಕ್ಷಣವೇ ಅಳೆದದ್ದಕ್ಕೂ, ರಾತ್ರಿಯಿಡೀ ಅಲುಗಾಡದೆ ನಿಂತದ್ದನ್ನು ಅಳೆದದ್ದಕ್ಕೂ ಹೋಲಿಕೆಯೇ ಇರಲ್ಲ. ಎಷ್ಟು ಕಲಕಬೇಕು, ಎಷ್ಟು ಹೊತ್ತು ಬಿಡಬೇಕು, ಮೋಟರ್ ಶುರುವಾಗಿ ಎಷ್ಟನೇ ಸೆಕೆಂಡಿಗೆ ಓದಬೇಕು, ಇದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು.

600 ಮಿಲಿ ಬೀಕರ್ ಅಂತ ಕೈಪಿಡಿಯಲ್ಲಿ ಹೇಳಿರುವುದೂ ಸುಮ್ಮನೆ ಅಲ್ಲ. ಮಾಲು ಉಳಿಸಲು ಸಣ್ಣ ಬೀಕರ್ ತಗೊಂಡರೆ ಗೋಡೆ ಹತ್ತಿರವಾಗಿ ರೀಡಿಂಗ್ ಮೇಲೇರುತ್ತೆ. ಡಿಸ್ಕ್ ಸ್ಪಿಂಡಲನ್ನು ನೇರ ಅದ್ದಿದರೆ ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತೆ; ಓರೆಯಾಗಿ ಇಳಿಸಿ, ಆಮೇಲೆ ಜೋಡಿಸಿ. ಸ್ಪಿಂಡಲಿನ ತಿರುಪು ಎಡಮುಖದ್ದು. ಮೇಲಿನ ಶಾಫ್ಟನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳದೆ ತಿರುಚಿದರೆ ಒಳಗಿನ ಪಿವಟ್ ಹಾಳಾಗುತ್ತೆ. ದ್ರವ ಸ್ಪಿಂಡಲಿನ ಗೆರೆಯವರೆಗೆ ಮುಟ್ಟಬೇಕು, ಯಂತ್ರದ ಮಟ್ಟದ ಗುಳ್ಳೆ ನಡುವೆ ನಿಲ್ಲಬೇಕು. ಫೋರ್ಡ್ ಕಪ್ (ತಳದ ತೂತಿನಿಂದ ದ್ರವ ಸುರಿದು ಮುಗಿಯಲು ಎಷ್ಟು ಸೆಕೆಂಡು ಅಂತ ಅಳೆಯುವ ಬಟ್ಟಲು) ಬಳಸುವವರೇ, ತೂತಿಗೆ ತಂತಿ ಹಾಕಿ ಕೆರೆಯಬೇಡಿ. ಗೀರು ಬಿದ್ದ ತೂತಿನ ಸೆಕೆಂಡುಗಳನ್ನು ನಂಬುವಂತಿಲ್ಲ.

ಇನ್ನು ಮುಂದೆ ರಿಜೆಕ್ಟ್ ಮಾಡುವುದಿದ್ದರೆ ಡಿಗ್ರಿ, ಮಾಡೆಲ್, ಸ್ಪಿಂಡಲ್, ಆರ್‌ಪಿಎಂ, ಟಾರ್ಕ್, ಓದಿದ ಸಮಯ ಎಲ್ಲ ಬರೆದು ಕಳಿಸಿ. ಜೊತೆಗೆ ಕಪಾಟಿನಲ್ಲಿ ಸೀಲು ಒಡೆಯದೆ ಕೂತಿರುವ ಸಿಲಿಕೋನ್ ಸ್ಟ್ಯಾಂಡರ್ಡ್ ಎಣ್ಣೆಯನ್ನು (ವಿಸ್ಕಾಸಿಟಿ ಮೊದಲೇ ಗೊತ್ತಿರುವ, ಯಂತ್ರ ಪರೀಕ್ಷಿಸುವ ಎಣ್ಣೆ) ಅದೇ ದಿನ, ಅದೇ ಯಂತ್ರದಲ್ಲಿ ಅಳೆದು, ಆ ರೀಡಿಂಗನ್ನೂ ಲಗತ್ತಿಸಿ.